ಮನೆಯ ಕನ್ನಡ ಬಿಟ್ಟರೆ ಇಂಗ್ಲಿಷ್ ತಿದ್ದೀತೇ?

ಪುಣೆಯ ಕನ್ನಡ ಮನೆಗಳಲ್ಲಿ ಈಗೊಂದು ಹೊಸ ವ್ರತ ನಡೆದಿದೆ. ಮಗನೋ ಮಗಳೋ ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಕೂಡುವುದು ನಿಶ್ಚಯವಾದ ದಿನದಿಂದ ಮನೆಯಲ್ಲಿ ಕನ್ನಡ ಬಂದ್. ಊಟಕ್ಕೆ ಕರೆಯುವುದೂ ಇಂಗ್ಲಿಷಿನಲ್ಲಿ, ಗದರುವುದೂ ಇಂಗ್ಲಿಷಿನಲ್ಲಿ. ವಿಜಾಪುರದಿಂದ ಬಂದ ಅಜ್ಜಿ ಮೊಮ್ಮಗಳೊಡನೆ ಎರಡು ಮಾತಾಡಬೇಕಾದರೆ ನಡುವೆ ಸೊಸೆ ದುಭಾಷಿಯಾಗಬೇಕು. ಕೇಳಿದರೆ ಉತ್ತರ ಸಿದ್ಧವಾಗಿದೆ: “ಸೆಂಟೆನ್ಸ್ ಕರೆಕ್ಷನ್ ಭಾಳ ವೀಕ್ ಅದ ರೀ. ಮನಿಯೊಳಗ ಇಂಗ್ಲಿಷ್ ಮಾತಾಡ್ರಿ ಅಂತ ಕ್ಲಾಸಿನವರು ಹೇಳ್ಯಾರ.”

ಈ ಸಲಹೆಯನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಕನ್ನಡಾಭಿಮಾನ ಒಂದೇ ಇದಕ್ಕೆ ಕಾರಣವೆಂದು ಯಾರೂ ತಿಳಿಯಬಾರದು. ಇಂಗ್ಲಿಷ್ ಕಲಿಯುವ ದಾರಿಯೆಂದು ನೋಡಿದರೂ ಇದು ತಪ್ಪು ದಾರಿ.

ಇಂಗ್ಲಿಷ್ ಬೇಡವೆನ್ನುವಷ್ಟು ಅವಿವೇಕ ನಮಗಿಲ್ಲ. ನಮ್ಮ ಊರಿನದೇ ಆದ ಸಿಂಬಯಾಸಿಸ್ ವಿಶ್ವವಿದ್ಯಾಲಯದ ‘ಸ್ನ್ಯಾಪ್’ ಪರೀಕ್ಷೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ 60 ನಿಮಿಷಕ್ಕೆ 60 ಪ್ರಶ್ನೆ. ಅವುಗಳಲ್ಲಿ 15 ಇಂಗ್ಲಿಷಿನವು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವೀಧರ ಪರೀಕ್ಷೆಯ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿಗೆ ಮೀಸಲು. ವಾಕ್ಯದಲ್ಲಿಯ ತಪ್ಪು ಹುಡುಕುವುದು ಅಲ್ಲಿ ಹಳೆಯ ಪಾಠ. ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿ ಸೇರಿದ ನಮ್ಮಂಥ ಗುಮಾಸ್ತರಿಗೆ ಇಂಗ್ಲಿಷ್ ವಾಕ್ಯವೇ ಅನ್ನ. ಒಂದು ಕ್ರಿಯಾಪದ ತಪ್ಪಿದರೆ ಕರಡು ಹಿಂದಕ್ಕೆ ಬರುತ್ತದೆಂಬುದು ನಮಗೆ ಗೊತ್ತು.

ಆದರೆ ಮನೆಯಲ್ಲಿ ನಾವಾಡುವ ಇಂಗ್ಲಿಷ್ ಎಂಥದು? “ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್.” “ಲೆಟ್ ಅಸ್ ಡಿಸ್ಕಸ್ ಅಬೌಟ್ ಇಟ್.” ಎರಡೂ ತಪ್ಪು. ಮೊದಲನೆಯದು “ಹ್ಯಾವ್ ಬೀನ್ ವರ್ಕಿಂಗ್” ಎಂದೂ “ಫಾರ್ ಟೆನ್ ಇಯರ್ಸ್” ಎಂದೂ ಆಗಬೇಕು. ಎರಡನೆಯದಕ್ಕೆ “ಅಬೌಟ್” ಬೇಡ. ಕ್ಲಾಸಿನಲ್ಲಿ ಹೇಳಿಕೊಡುವ ಸುಲಭೋಪಾಯವೇನು? “ವಾಕ್ಯ ಓದಿ ನೋಡಿ, ಕಿವಿಗೆ ಸರಿಯೆನಿಸಿದ್ದನ್ನು ಗುರುತು ಮಾಡಿ.” ತಂದೆ ತಾಯಿ ದಿನಬೆಳಗಾದರೆ ಆಡುವ ತಪ್ಪೇ ಆ ಮಗುವಿನ ಕಿವಿಗೆ ಇಂಪಾಗಿರುತ್ತದಲ್ಲವೇ? ಪರೀಕ್ಷೆ ಬರೆಯುವವನು ಬೋನಿಗೆ ಇಲಿಯಂತೆ ನೇರವಾಗಿ ಹೋಗಿ ಬೀಳುತ್ತಾನೆ.

ಇನ್ನು ಕನ್ನಡ ಏನು ಮಾಡಬಲ್ಲದೆಂಬುದನ್ನು ನೋಡೋಣ. “ದಿ ಲಿಸ್ಟ್ ಆಫ್ ಬುಕ್ಸ್ ಆರ್ ಆನ್ ದಿ ಟೇಬಲ್” ಎಂಬ ವಾಕ್ಯ ಕೊಟ್ಟರೆ, ಹತ್ತಿರದ “ಬುಕ್ಸ್” ಎಂಬ ಬಹುವಚನ ಕಂಡು ಹುಡುಗ ಮೋಸಹೋಗುತ್ತಾನೆ. ಅದನ್ನೇ ಕನ್ನಡಕ್ಕೆ ತಿರುಗಿಸಲಿ: “ಪುಸ್ತಕಗಳ ಪಟ್ಟಿ ಮೇಜಿನ ಮೇಲೆ ಇದೆ.” ಇಲ್ಲಿ “ಇವೆ” ಎನ್ನಲು ಕನ್ನಡದ ನಾಲಿಗೆ ಏಳದು. ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂಚೆ ಬಂದು ಮುಖ್ಯ ನಾಮಪದ ಕೊನೆಗೆ ನಿಲ್ಲುವುದರಿಂದ, ಕರ್ತೃಪದ ಯಾವುದೆಂಬುದು ತಾನಾಗಿ ಎದ್ದು ಕಾಣುತ್ತದೆ. ಪಟ್ಟಿ ಏಕವಚನ, ಆದ್ದರಿಂದ “ಈಸ್”.

ಇನ್ನೊಂದು ಉದಾಹರಣೆ. “ವಾಕಿಂಗ್ ಟು ದಿ ಸ್ಟೇಷನ್, ದಿ ರೇನ್ ಸ್ಟಾರ್ಟೆಡ್.” ಕನ್ನಡದಲ್ಲಿ ಹೇಳಿ ನೋಡಿ: “ಸ್ಟೇಷನ್ನಿಗೆ ನಡೆಯುತ್ತಾ ಮಳೆ ಶುರುವಾಯಿತು.” ನಡೆದದ್ದು ಮಳೆಯೇ ಎಂದು ಅಜ್ಜಿ ನಕ್ಕುಬಿಟ್ಟಾಳು. “ನಾನು ನಡೆದು ಹೋಗುತ್ತಿದ್ದಾಗ ಮಳೆ ಬಂತು” ಎಂದು ಆಕೆಯೇ ತಿದ್ದುತ್ತಾಳೆ. “ಓದುವುದು, ಬರೆಯುವುದು, ಈಜಲು ನನಗೆ ಇಷ್ಟ” ಎಂದರೂ ಆಕೆ ಬಿಡಳು. ಸಾಲಾಗಿ ಬಂದ ಪದಗಳು ಒಂದೇ ರೂಪದಲ್ಲಿರಬೇಕೆಂಬ ನಿಯಮ ಕನ್ನಡದ್ದೂ ಹೌದು, ಇಂಗ್ಲಿಷಿನದ್ದೂ ಹೌದು. ಕ್ಲಾಸಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕಲಿಯುವ ಪಾಠದ ಒಂದು ದೊಡ್ಡ ಭಾಗ ಮನೆಯ ಪಡಸಾಲೆಯಲ್ಲೇ ಕುಳಿತಿದೆ. ಹಿತ್ತಲ ಗಿಡ ಮದ್ದಲ್ಲವೆಂದು ನಾವದನ್ನು ಮಾತಾಡಿಸುತ್ತಿಲ್ಲ.

“ಎ”, “ದಿ” ಮುಂತಾದವುಗಳಿಗೆ ಕನ್ನಡದಲ್ಲಿ ಸಮಪದವಿಲ್ಲ, “ಇನ್” “ಆನ್”ಗಳ ಬಳಕೆ ಬೇರೆ ಎಂದು ಕೆಲವರು ಆಕ್ಷೇಪಿಸಬಹುದು. ನಿಜ. ಅವನ್ನು ಇಂಗ್ಲಿಷ್ ಪುಸ್ತಕ ಓದಿಯೇ ಕಲಿಯಬೇಕು. ಆದರೆ “ಸಿನ್ಸ್ ಟೆನ್ ಇಯರ್ಸ್” ಎಂಬ ತಪ್ಪು ಎಲ್ಲಿಂದ ಬಂತು? “ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ” ಎಂಬ ಕನ್ನಡದಿಂದಲೇ. ಆ ಕನ್ನಡ ವಾಕ್ಯದ ಅರಿವುಳ್ಳವನಿಗೆ ಎರಡು ಭಾಷೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಸ್ಪಷ್ಟವಾಗಿ ತೋರುತ್ತದೆ. ಅರಿವಿಲ್ಲದವನು ತಪ್ಪನ್ನು ಬಾಯಿಪಾಠ ಮಾಡುತ್ತಾನೆ, ಅಷ್ಟೆ.

ಜರ್ಮನಿಯಿಂದ ಬಂದ ಕಿಟೆಲ್ಲರನ್ನು ನೆನೆಯಿರಿ. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನೂ ಕೊಟ್ಟರು. ಎರಡೂ ಅವರಿಗೆ ಪರಭಾಷೆಗಳೇ. ಒಂದು ಭಾಷೆಯ ವಾಕ್ಯದ ಎಲುಬು ಕಂಡವನಿಗೆ ಇನ್ನೊಂದರದೂ ಕಾಣುತ್ತದೆ.

ಕೇವಲ ಉಪಾಯಗಳನ್ನು ನಂಬಿದವರ ಗತಿಯನ್ನೂ ನೋಡಿ. ವಿದೇಶದ ಎಂ.ಬಿ.ಎ.ಗೆ ಬೇಕಾದ ‘ಜಿಮ್ಯಾಟ್’ ಪರೀಕ್ಷೆಯಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳು ದಶಕಗಳ ಕಾಲ ಮೆರೆದವು. 2023ರ ನವೆಂಬರಿನಲ್ಲಿ ಹೊಸ ಮಾದರಿಯ ಪರೀಕ್ಷೆ ಬಂತು, 2024ರ ಜನವರಿಗೆ ಹಳೆಯದು ನಿಂತಿತು. ಹೊಸದರಲ್ಲಿ ಆ ಪ್ರಶ್ನೆಗಳೇ ಇಲ್ಲ. ಗದ್ಯ ಓದಿ ಅರ್ಥಮಾಡಿಕೊಳ್ಳುವುದು ಮತ್ತು ತರ್ಕ ಪರೀಕ್ಷಿಸುವುದು, ಇಷ್ಟೇ ಉಳಿದಿವೆ. ಸೂತ್ರ ಉರುಹೊಡೆದವರ ಬಂಡವಾಳ ಒಂದೇ ದಿನಕ್ಕೆ ಕರಗಿತು. ವಾಕ್ಯ ಬಿಡಿಸಿ ಅರ್ಥ ಹಿಡಿಯಲು ಕಲಿತವರಿಗೆ ನಷ್ಟವೇನೂ ಆಗಲಿಲ್ಲ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ ಒಳ್ಳೆಯ ಕನ್ನಡ ಮಾತಾಡಿ. ದಿನಕ್ಕೆ ಒಂದು ಪುಟ ಕನ್ನಡ, ಒಂದು ಪುಟ ಒಳ್ಳೆಯ ಇಂಗ್ಲಿಷ್ ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಕೇಳಿ. ಪಟ್ಟಣದಲ್ಲಿ ನಿವೃತ್ತ ಕನ್ನಡ ಶಿಕ್ಷಕರು ಕಡಿಮೆಯಿಲ್ಲ. ರವಿವಾರ ಒಂದು ತಾಸು ಎರಡೂ ಭಾಷೆಗಳ ವಾಕ್ಯಗಳನ್ನು ಜೊತೆಜೊತೆಗೆ ಕಲಿಸುವ ವರ್ಗವನ್ನು ಕನ್ನಡ ಸಂಘಗಳು ಯಾಕೆ ನಡೆಸಬಾರದು?

ಪರೀಕ್ಷೆಯ ಅಂಕಪಟ್ಟಿ ಐದು ವರ್ಷಕ್ಕೆ ಹಳತಾಗುತ್ತದೆ. ಮೊಮ್ಮಗಳೊಡನೆ ಮಾತು ಕಳೆದುಕೊಂಡ ಅಜ್ಜಿಗೆ ಆ ಐದು ವರ್ಷವನ್ನು ಯಾವ ಕ್ಲಾಸಿನವರೂ ಮರಳಿ ಕೊಡಲಾರರು.