ಲೈಟರ್ ಹಚ್ಚಿ ವೈರ್ ಸುಲಿಯಬಹುದೇ?

ಲೈಟರ್‌ನಿಂದ ಒಂದು ಕ್ಷಣ ಕಾಯಿಸಿ ಎಳೆದರೆ ವೈರಿನ ಸಿಪ್ಪೆ ಸಲೀಸಾಗಿ ಕಳಚುತ್ತದೆ ಎನ್ನುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಕಳಚುವುದೇನೋ ನಿಜ. ತೊಂದರೆ ಶುರುವಾಗುವುದು ಆಮೇಲೆ.

ಮನೆ ವೈರಿನ ಹೊದಿಕೆ ಸಾಮಾನ್ಯವಾಗಿ ಪಿವಿಸಿ. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಬರುತ್ತದೆ. ಕಣ್ಣು, ಗಂಟಲು ಉರಿಯುವುದು ಅದರಿಂದಲೇ. ತೇವ ಸೇರಿದರೆ ಅದು ಆಮ್ಲವಾಗಿ ತಾಮ್ರವನ್ನೂ ತಿನ್ನುತ್ತದೆ. ಎಳೆಗಳ ಮೇಲೆ ಉಳಿದ ಮಸಿ ಕರೆಂಟಿಗೆ ಅಡ್ಡಿ. ಹಲ್ಲಿನಿಂದ ಕಚ್ಚಿ ಸುಲಿಯುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಬಿಡಿ.

ಬ್ಲೇಡಿನಿಂದ ಸುಲಿಯುವಾಗ ಆಗುವ ತಪ್ಪು ಬೇರೆ. ಸುತ್ತಲೂ ಒತ್ತಿ ಕೊಯ್ದರೆ ಕೆಲವು ಎಳೆಗಳೂ ತುಂಡಾಗುತ್ತವೆ. 'ನಾಲ್ಕು ಎಳೆ ಹೋದರೆ ಏನಂತೆ, ಎಂಸಿಬಿ ಇದೆಯಲ್ಲ' ಎನ್ನುವವರಿದ್ದಾರೆ. ಇಲ್ಲೇ ಇರುವುದು ದೊಡ್ಡ ತಪ್ಪು ತಿಳಿವಳಿಕೆ.

2000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮಸಿ ಹಿಡಿದ ಅಥವಾ ಸಡಿಲವಾದ ಜೋಡಣೆಯಲ್ಲಿ ಬರೀ ಅರ್ಧ ಓಮ್ ಪ್ರತಿರೋಧ ಇದೆಯೆಂದುಕೊಳ್ಳೋಣ. ಕರೆಂಟಿನ ವರ್ಗವನ್ನು ಪ್ರತಿರೋಧದಿಂದ ಗುಣಿಸಿದರೆ ಆ ಒಂದೇ ಜಾಗದಲ್ಲಿ ಸುಮಾರು 38 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು! ಆದರೂ 16 ಆಂಪಿಯರ್‌ನ ಎಂಸಿಬಿ ಬೀಳುವುದಿಲ್ಲ. ಕರೆಂಟು ಹೆಚ್ಚಾದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ, ಜೋಡಣೆ ಕಾದರೆ ಗೊತ್ತಾಗುವುದಿಲ್ಲ. ಕರೆಂಟು ಸೋರುತ್ತಿಲ್ಲವಾದ್ದರಿಂದ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ.

ಹಾಗಾದರೆ ಸರಿಯಾದ ರೀತಿ ಯಾವುದು? ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ. ಆ ಟೆಸ್ಟರನ್ನೂ ಮೊದಲು ಕರೆಂಟಿರುವ ಕಡೆ ಹಿಡಿದು, ಅದು ಉರಿಯುತ್ತದೆಯೇ ಎಂದು ಖಚಿತಪಡಿಸಿಕೊಂಡಿರಬೇಕು. ವೈರ್ ಸ್ಟ್ರಿಪ್ಪರ್‌ನಲ್ಲಿ ವೈರಿನ ದಪ್ಪಕ್ಕೆ ಹೊಂದುವ ತೂತನ್ನೇ ಆರಿಸಿ. ಚಿಕ್ಕದಾದರೆ ಎಳೆ ಕತ್ತರಿಸುತ್ತದೆ. ಚಾಕುವೇ ಗತಿಯಾದರೆ ಪೆನ್ಸಿಲ್ ಕೆತ್ತುವ ಹಾಗೆ ಓರೆಯಾಗಿ, ಬೆರಳಿನಿಂದ ಆಚೆಗೆ ಕೆತ್ತಿ. ಟರ್ಮಿನಲ್‌ನ ಆಳ ಎಷ್ಟೋ ಅಷ್ಟೇ ಸುಲಿಯಬೇಕು: ಹೊರಗೆ ತಾಮ್ರ ಕಾಣಬಾರದು, ಸ್ಕ್ರೂ ಕೆಳಗೆ ಸಿಪ್ಪೆಯೂ ಸಿಕ್ಕಬಾರದು. ಎಳೆ ತುಂಡಾದರೆ ಆ ತುದಿಯನ್ನೇ ಕತ್ತರಿಸಿ ಮತ್ತೆ ಸುಲಿಯಿರಿ.

ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆ ಬಳಸಿದ ಮೇಲೆ ಸಾಕೆಟ್ ಬಿಸಿಯಾಗಿದ್ದರೆ, ಪಿನ್ನಿನ ಸುತ್ತ ಕಂದುಗಟ್ಟಿದ್ದರೆ, ಅದನ್ನು ಬಳಸುವುದು ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ.