ಕಾಲೊನಿ ಗೇಟಿನಾಚೆಯ ಐಕ್ಳು

ಅಮೆರಿಕಕ್ಕೆ ಹೋದವರ ಮಕ್ಕಳು ಅಲ್ಲಿನವರ ಹಾಗೇ ಮೂಗಿನಲ್ಲಿ ಮಾತಾಡಿದರೆ ಮಳವಳ್ಳಿಯ ಅಜ್ಜ ಅಜ್ಜಿ ನಾಲ್ಕು ಮನೆಗೆ ಹೇಳಿಕೊಂಡು ಬರುತ್ತಾರೆ. ನನ್ನ ಮಗಳು ವಿಡಿಯೊ ಕಾಲ್‌ನಲ್ಲಿ ನಾವಿರುವ ಕಡೆಯ ಲುಸೋಗ ಭಾಷೆ ಮಾತಾಡಿದ್ದಕ್ಕೆ ಮನೆಯಲ್ಲಿ ಪಂಚಾಯ್ತಿ ನಡೆಯಿತು. ನಮ್ಮದು ಉಗಾಂಡ, ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವ ಜಿಂಜಾ ಊರಿನ ಹತ್ತಿರ, ಕಬ್ಬಿನ ಗದ್ದೆಗಳ ನಡುವೆ ಒಂದು ಸಕ್ಕರೆ ಕಾರ್ಖಾನೆಯ ಕಾಲೊನಿ. 1933ರಲ್ಲಿ ಮೈಷುಗರ್ ಕಂಪನಿ ಶುರುವಾದಾಗಿನಿಂದ ಮಂಡ್ಯದವರಿಗೆ ಕೈಹತ್ತಿದ ಕಸುಬು ಇದು. ನಮ್ಮನೆಯವರನ್ನು ಅಲ್ಲಿಗೆ ಎಳೆದೊಯ್ದದ್ದೂ ಅದೇ. ಹಿಂದೆ ನಾನು, ಇಬ್ಬರು ಚಿಕ್ಕ ಮಕ್ಕಳು.

‘ಆ ಐಕ್ಳ ಜೊತೆ ಬುಡಬ್ಯಾಡ ಕಣವ್ವ, ಕಾಯಿಲೆ ಕಸಾಲೆ ಅಂಟ್ಕತದೆ’ ಎನ್ನುತ್ತಾರೆ ನಮ್ಮತ್ತೆ. ಅಲ್ಲಿ ಏಳು ಗಂಟೆಯಾದರೆ ಇಲ್ಲಿ ಒಂಬತ್ತೂವರೆ. ಅವರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಬುದ್ಧಿ ಹೇಳುವ ಹೊತ್ತು. ಅವರನ್ನು ದೂರುತ್ತಿಲ್ಲ. ಕಾಲೊನಿಯಲ್ಲಿ ವರ್ಷಗಟ್ಟಲೆ ಇರುವ ನಮ್ಮವರ ಮಾತೂ ಇದೇ. ಗೇಟಿನೊಳಗೆ ಆಟ, ಗೇಟಿನೊಳಗೆ ಹುಟ್ಟುಹಬ್ಬ, ಹೊರಗೆ ಹೋದರೆ ಕಾರಿನ ಗಾಜು ಏರಿಸಿಕೊಂಡೇ. ಕೇಳಿದರೆ 1972ರ ಕತೆ ತೆಗೆಯುತ್ತಾರೆ: ಇದಿ ಅಮೀನ್ ಏಷ್ಯಾದವರಿಗೆಲ್ಲ ಊರು ಬಿಡಲು 90 ದಿನ ಗಡುವು ಕೊಟ್ಟದ್ದು. ಆ ಭಯ ಸುಳ್ಳಲ್ಲ. ಆದರೆ ಗೋಡೆ ಆಗ ಯಾರನ್ನು ಕಾಪಾಡಿತು ಎಂದು ಮರುಪ್ರಶ್ನೆ ಹಾಕಿದರೆ ಮಾತು ಕ್ರಿಕೆಟ್ಟಿಗೆ ಹೊರಳುತ್ತದೆ.

ನಾನು ಹೇಳುವುದು ಇಷ್ಟೇ: ಮಕ್ಕಳನ್ನು ಅಷ್ಟು ದೂರ ಕರೆದುಕೊಂಡು ಹೋಗುವವರು ಗೇಟು ತೆಗೆದು ಅವರನ್ನು ಊರೊಳಗೆ ಬಿಡಬೇಕು. ಇಲ್ಲದಿದ್ದರೆ ಅಜ್ಜಿಮನೆಯಲ್ಲೇ ಬಿಟ್ಟು ಹೋಗುವುದು ವಾಸಿ.

ಕಷ್ಟ ಗೊತ್ತಿಲ್ಲದೆ ಹೇಳುತ್ತಿಲ್ಲ. ಬೆಳಗಾದರೆ ಮೊದಲ ಕೆಲಸ ಸೊಳ್ಳೆಪರದೆ ಬಿಚ್ಚಿ ತೂತು ಹುಡುಕುವುದು. ಮಗುವಿನ ಮೈ ಬಿಸಿಯಾದರೆ ಥಂಡಿಯೋ ನೆಗಡಿಯೋ ಎಂದು ಕೂರುವಂತಿಲ್ಲ; ಬೆರಳು ಚುಚ್ಚಿ ರಕ್ತ ನೋಡಿಸಬೇಕು, ಮಲೇರಿಯಾ ಬಂದಿದ್ದರೆ ತೂಕದ ಲೆಕ್ಕಕ್ಕೆ ಮಾತ್ರೆ ಶುರುಮಾಡಬೇಕು. ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಒಂದು ಜಾತಿಯ ನೊಣ ಮೊಟ್ಟೆಯಿಡುತ್ತದೆ, ಹುಳು ಚರ್ಮದೊಳಗೆ ಹೊಕ್ಕು ಗುಳ್ಳೆ ಏಳುತ್ತದೆ. ಹಾಗಾಗಿ ಚಡ್ಡಿ, ಕಾಲುಚೀಲ, ಕರವಸ್ತ್ರ ಎಲ್ಲಕ್ಕೂ ಇಸ್ತ್ರಿ. ಕರೆಂಟು ಹೋದ ದಿನ ಇದ್ದಿಲು ಪೆಟ್ಟಿಗೆಯ ಇಸ್ತ್ರಿ. ಬರಿಗಾಲಲ್ಲಿ ಕೆಮ್ಮಣ್ಣು ತುಳಿದರೆ ಪಾದದೊಳಗೆ ಚಿಗಟ ಸೇರುತ್ತದೆ. ಸಂಜೆ ದೀಪದ ಹತ್ತಿರ ಕೂರಿಸಿ ಹತ್ತು ಬೆರಳೂ ಬಿಡಿಸಿ ನೋಡುತ್ತೇನೆ. ಇಷ್ಟರಲ್ಲಿ ಯಾವುದೂ ಪಕ್ಕದ ಮಗುವಿನ ಕೈ ಹಿಡಿದದ್ದರಿಂದ ಬರುವುದಲ್ಲ. ಸೊಳ್ಳೆಗೆ ಕಾಲೊನಿ ಯಾವುದು, ಊರು ಯಾವುದು? ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರಿನ ಹಿಂದೆಯೇ ಮಲೇರಿಯಾ ಬಂದು ಹಳ್ಳಿಹಳ್ಳಿ ನಡುಗಿದ್ದು ನಮ್ಮ ನೆಲದಲ್ಲೇ. ಈಗ ಮಲೇರಿಯಾಕ್ಕೆ ಆರ್‌21 ಎಂಬ ಲಸಿಕೆ ಬಂದಿದೆ, ತಯಾರಾಗುವುದು ಪುಣೆಯಲ್ಲಿ. 2025ರಿಂದ ಉಗಾಂಡದ ಮಕ್ಕಳಿಗೂ ಕೊಡುತ್ತಿದ್ದಾರೆ.

ಉಣ್ಣುವ ವಿಷಯಕ್ಕೆ ಬಂದರೆ ನನಗೆ ಪರದೇಶ ಅನ್ನಿಸಿದ್ದೇ ಕಡಿಮೆ. ಮಾರುಕಟ್ಟೆಯಲ್ಲಿ ರಾಗಿ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಕಲ್ಲು ಮಣ್ಣು ಆರಿಸಿ, ತೊಳೆದು, ಗಿರಣಿಗೆ ಹಾಕಿಸಿದರೆ ನಮ್ಮ ಹಿಟ್ಟೇ. ಅವರೂ ಅದಕ್ಕೆ ಮರಗೆಣಸಿನ ಹಿಟ್ಟು ಬೆರೆಸಿ ಮುದ್ದೆಯಂಥದೇ ಒಂದನ್ನು ತೊಳಸುತ್ತಾರೆ, ಕಲೋ ಎನ್ನುತ್ತಾರೆ. ಡೋಡೋ ಅಂತ ಮಾರುವುದು ನಮ್ಮ ದಂಟಿನ ಸೊಪ್ಪಿನ ಜಾತಿಯದೇ. ಹುರುಳಿಕಾಯಿ ಬೀಜದ ಜೊತೆ ಬಸಿದು ಖಾರ ರುಬ್ಬಿ ಹಾಕಿದರೆ ಬಸ್ಸಾರು ತಯಾರು. ನಮ್ಮ ಮನೆಗೆಲಸಕ್ಕೆ ಬರುವಾಕೆ ಮೊದಲ ದಿನ ನಾನು ಮುದ್ದೆ ಕಟ್ಟುವುದನ್ನು ನೋಡಿ, ‘ಇದನ್ನು ನಿನಗೆ ಯಾರು ಕಲಿಸಿದರು?’ ಎಂದು ಕೇಳಿದಳು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ ಅಲ್ಲವೆ? ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದದ್ದು. ಆಮೇಲೆ ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಇಳುವರಿ ಏರಿತು, ನಮ್ಮತ್ತೆಯ ಮನೆಯ ಕಣಜವೂ ತುಂಬಿತು. ಆಫ್ರಿಕಾದ ತಳಿ ಹೊಲಕ್ಕೆ ಬರಬಹುದು, ಆಫ್ರಿಕಾದ ಮಗು ನಮ್ಮ ಜಗಲಿಗೆ ಬರಬಾರದು ಅನ್ನುವುದು ಯಾವ ಲೆಕ್ಕ?

ನಾನೂ ಕಾಲೊನಿಯ ಕೂಸೇ. ಅಪ್ಪನಿಗೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ. ನಾವು ಬ್ಲಫ್‌ನ ಕ್ವಾರ್ಟರ್ಸಿನಲ್ಲಿದ್ದೆವು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು ಎಂದು ಶಾಲೆಯಲ್ಲಿ ಉರುಹೊಡೆದದ್ದು ಇನ್ನೂ ಬಾಯಲ್ಲಿದೆ. ಆ ಯಂತ್ರ ಕೂರಿಸಲು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು ಬಂದಿದ್ದರು. ಅವರಿಗೆ ಬೆಳಕವಾಡಿ ಸುತ್ತಿನ ನಮ್ಮ ಮುತ್ತಜ್ಜಂದಿರು ಹೇಗೆ ಕಂಡಿರಬಹುದು? ಕಾಡು, ಜ್ವರ, ಭಾಷೆ ಬಾರದ ಕಪ್ಪು ಜನ. ಈಗ ನೈಲ್ ದಂಡೆಯಲ್ಲಿ ಕೂತು ನಾವು ಆಡುವ ಮಾತನ್ನೇ ಅಂದು ಕಾವೇರಿ ದಂಡೆಯಲ್ಲಿ ಅವರು ಆಡಿಕೊಂಡಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಜಿಂಜಾದಲ್ಲೂ 1954ರ ಅಣೆಕಟ್ಟಿದೆ, ಪವರ್ ಹೌಸಿದೆ. ಮಕ್ಕಳಿಗೆ ಅದನ್ನು ತೋರಿಸಿ ನಿಮ್ಮ ತಾತನ ಕೆಲಸ ಇಂಥದೇ ಎಂದರೆ ಅವಕ್ಕೆ ಬೇಕಾದದ್ದು ಗೇಟಿನ ಬಳಿ ಮಾರುವ ರೋಲೆಕ್ಸ್. ಗಡಿಯಾರವಲ್ಲ, ಚಪಾತಿಯಲ್ಲಿ ಸುತ್ತಿದ ಮೊಟ್ಟೆ ದೋಸೆ.

ಹೊರಗೆ ಬಿಟ್ಟದ್ದರಿಂದ ಏನಾಯಿತು? ದೊಡ್ಡವಳು ಹಿರಿಯರನ್ನು ಕಂಡರೆ ಅಲ್ಲಿನ ಹೆಣ್ಣುಮಕ್ಕಳಂತೆ ಮೊಣಕಾಲೂರಿ ಮಾತಾಡಿಸುತ್ತಾಳೆ. ಇದು ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಗಂಡುಹುಡುಗರು ಮಾತ್ರ ನಿಂತಿರುತ್ತಾರಲ್ಲ ಎಂದು ಅವಳಿಗೂ ಹೇಳಿದ್ದೇನೆ. ಚಿಕ್ಕವನು ಕನ್ನಡಕ್ಕಿಂತ ಮೊದಲು ಲುಸೋಗದಲ್ಲಿ ಜಗಳ ಕಲಿತ. ‘ಮುಯಿಂಡಿ’, ಅಂದರೆ ಇಂಡಿಯಾದವನು, ಎಂದು ಹಂಗಿಸುತ್ತಿದ್ದ ಹುಡುಗರು ಈಗ ಅವನನ್ನು ಹೆಸರು ಹಿಡಿದು ಕೂಗುತ್ತಾರೆ. ಕಾಲೊನಿಯಲ್ಲಿ ನಮ್ಮ ಮನೆಗೆ ಬರುವುದನ್ನು ಒಂದೆರಡು ಸಂಸಾರ ನಿಲ್ಲಿಸಿವೆ. ನಿಲ್ಲಿಸಲಿ.

ಈ ಸಲ ರಜೆಗೆ ಊರಿಗೆ ಬಂದಾಗ, ವಿಮಾನ ನಿಲ್ದಾಣದಲ್ಲಿ ಹಳದಿ ಜ್ವರದ ಕಾರ್ಡು ತೋರಿಸಿ ಹೊರಬಿದ್ದು ಮನೆ ಮುಟ್ಟಿದ ಮಾರನೆಯ ದಿನವೇ ಮಕ್ಕಳೆರಡೂ ಕಣ್ಣಿಗೆ ಬೀಳಲಿಲ್ಲ. ಹುಡುಕಿದರೆ ಗದ್ದೆ ಬದುವಿನ ಟಾರ್ಪಾಲು ಗುಡಿಸಲ ಮುಂದೆ, ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದವರ ಮಕ್ಕಳ ಜೊತೆ ಟಯರು ಉರುಳಿಸುತ್ತಿದ್ದವು. ‘ಅಲ್ಲೂ ಹಂಗೇ, ಇಲ್ಲೂ ಹಂಗೇನಾ? ಕರಕೊಂಬಾರವ್ವ’ ಎಂದರು ಅತ್ತೆ. ಊಟದ ಹೊತ್ತಾದ ಮೇಲೆ ಕರೆದೆ.