ಒಂದು ಕಲ್ಲಿನ ವ್ಯಾಜ್ಯ

ಕ್ರಿ.ಶ. 1833ರಲ್ಲಿ ಸಯಾಮ್ ದೇಶದ ರಾಜಕುಮಾರನೊಬ್ಬನು ಕಾವಿಯುಟ್ಟು ಉತ್ತರ ದಿಕ್ಕಿಗೆ ಯಾತ್ರೆ ಹೊರಟನು. ಆತನ ಹೆಸರು ಮೊಂಗ್‌ಕುಟ್. ಸಂಸ್ಕೃತದ ‘ಮಕುಟ’ವೇ ಥಾಯ್ ನಾಲಗೆಯಲ್ಲಿ ಹಾಗಾಗಿದೆ. ಮಕುಟವೇನೋ ಆಗ ಅಣ್ಣನ ತಲೆಯ ಮೇಲಿತ್ತು. ತಮ್ಮನು ಭಿಕ್ಷುವಾಗಿಯೇ ಇಪ್ಪತ್ತೇಳು ವರ್ಷ ಕಳೆದು, 1851ರಲ್ಲಿ ನಾಲ್ಕನೆಯ ರಾಮನೆನಿಸಿ ಪಟ್ಟವೇರಿದನು. ಆ ಯಾತ್ರೆಯಲ್ಲಿ, ಹಾಳುಬಿದ್ದ ಸುಖೋಥೈ ನಗರದಲ್ಲಿ, ಆತನ ಕಣ್ಣಿಗೆ ನಾಲ್ಕು ಮುಖದ ಕಲ್ಲಿನ ಕಂಬವೊಂದು ಬಿದ್ದಿತು. ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು. ನಾಲ್ಕು ಮುಖಗಳ ಮೇಲೂ ಬರಹ. ಅದನ್ನು ಆತನು ಬ್ಯಾಂಕಾಕಿಗೆ ತರಿಸಿದನು. ಈಗ ಅದು ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಸುಖೋಥೈ ಎಂದರೆ ‘ಸುಖೋದಯ’. ಶಾಸನದ ಕಾಲಗಣನೆಯೂ ಕನ್ನಡಿಗರಿಗೆ ಅಪರಿಚಿತವಲ್ಲ. ಅದು ಪಂಚಾಂಗಗಳಲ್ಲಿ ಇಂದಿಗೂ ಕಾಣುವ ಶಕವರ್ಷ. ಶಾಸನದಲ್ಲಿ ಬರುವ ಶಕ 1214 ಎಂದರೆ ಕ್ರಿ.ಶ. 1292. ರಾಜನ ಹೆಸರು ರಾಮ್ ಖಂಹೆಂಗ್. ತನ್ನ ತಂದೆತಾಯಿಗಳ, ಅಣ್ಣನ ಹೆಸರು ಹೇಳಿ, ಹರೆಯದಲ್ಲಿ ಆನೆಯೇರಿ ಮಾಡಿದ ಯುದ್ಧವನ್ನು ಹೇಳಿ, ಬಳಿಕ ತನ್ನ ನಾಡಿನ ಸುಭಿಕ್ಷವನ್ನು ವರ್ಣಿಸುತ್ತಾನೆ. ಅಲ್ಲಿ ವ್ಯಾಪಾರಕ್ಕೆ ಅಡ್ಡಿಯಿಲ್ಲ, ದಾರಿಯಲ್ಲಿ ಸುಂಕವಿಲ್ಲ. ದುಃಖವಿದ್ದವನು ಬಾಗಿಲಿಗೆ ಕಟ್ಟಿದ ಗಂಟೆಯನ್ನು ಬಾರಿಸಿದರೆ ರಾಜನೇ ಕರೆದು ವಿಚಾರಿಸುವನು. ಮನುನೀತಿ ಚೋಳನ ಗಂಟೆಯ ಕಥೆ ಬಲ್ಲವರಿಗೆ ಇದು ಹಳೆಯ ನೆಂಟನಂತೆ ತೋರೀತು. ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಕೊನೆಯ ಮುಖದಲ್ಲಿದೆ: ಶಕ 1205ಕ್ಕೆ ಮೊದಲು ಥಾಯ್ ಲಿಪಿ ಇರಲಿಲ್ಲ, ಅದನ್ನು ನಿರ್ಮಿಸಿದವನು ಈ ರಾಜನೇ. ಇದನ್ನು ನಂಬಿಯೇ 1983ರಲ್ಲಿ ಥಾಯ್ಲೆಂಡ್ ತನ್ನ ಲಿಪಿಯ ಏಳುನೂರನೆಯ ವರ್ಷವನ್ನು ಆಚರಿಸಿತು.

ಈ ಕಲ್ಲನ್ನು ಓದುವ ಕೆಲಸದಲ್ಲಿ 1904ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿದ ಸಯಾಮ್ ಸೊಸೈಟಿಯ ಪಾತ್ರ ದೊಡ್ಡದು. ಹಕ್ಕಿ, ಮೀನು, ಹಾವುಗಳಿಂದ ಹಿಡಿದು ಗುಡಿಗೋಪುರಗಳವರೆಗೆ ಆ ದೇಶದ ಪ್ರಕೃತಿಯನ್ನೂ ಸಂಸ್ಕೃತಿಯನ್ನೂ ಒಂದೇ ಸೂರಿನಡಿ ಅಭ್ಯಾಸ ಮಾಡಿದ ಸಂಸ್ಥೆಯದು. ವಿದ್ಯೆಯಿಂದ ಮೈತ್ರಿ ಹುಟ್ಟುವುದೆಂಬುದು ಅದರ ಧ್ಯೇಯವಾಕ್ಯದ ತಾತ್ಪರ್ಯ. ಅದರ ಪತ್ರಿಕೆಯಲ್ಲಿ 1909ರಲ್ಲಿ ಬ್ರಾಡ್ಲಿ, 1918ರಲ್ಲಿ ಫ್ರೆಂಚ್ ವಿದ್ವಾಂಸ ಜಾರ್ಜ್ ಸೆದೆಸ್, 1971ರಲ್ಲಿ ಗ್ರಿಸ್ವೋಲ್ಡ್ ಮತ್ತು ಪ್ರಸೆರ್ಟ್ ನ ನಗರ ಈ ಶಾಸನವನ್ನು ವಿವೇಚಿಸಿದರು.

ಇಷ್ಟೆಲ್ಲ ಆದಮೇಲೆ ಸಂದೇಹ ಬಂದಿತು. 1987ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಕೂಡಿದ ಥಾಯ್ ಅಧ್ಯಯನ ಸಮ್ಮೇಳನದಲ್ಲಿ ಮೈಕೇಲ್ ವಿಕರಿ ಎಂಬ ಅಮೆರಿಕದ ಇತಿಹಾಸಕಾರನು, ಈ ಕಲ್ಲು ಪಿಲ್ಟ್‌ಡೌನಿನ ತಲೆಬುರುಡೆಯ ಜಾತಿಯದಿರಬಹುದೇ ಎಂದು ಕೇಳಿದನು. ಇಂಗ್ಲೆಂಡಿನ ಪಂಡಿತರನ್ನು ನಾಲ್ಕು ದಶಕ ಏಮಾರಿಸಿ 1953ರಲ್ಲಿ ಬಯಲಾದ ಕೃತಕ ಬುರುಡೆಯದು. ಥಾಯ್ ಕಲಾ ಇತಿಹಾಸಕಾರ ಪಿರಿಯ ಕ್ರೈರಿಕ್ಷ್ ಮತ್ತೂ ಒಂದು ಹೆಜ್ಜೆ ಮುಂದಿಟ್ಟನು. ಆತನ ಮತದಂತೆ ಕಲ್ಲನ್ನು ಕಂಡುಹಿಡಿದ ಮೊಂಗ್‌ಕುಟನೇ ಅದನ್ನು ಬರೆಯಿಸಿದವನು.

ಅವರ ವಾದದ ಒಂದು ಎಳೆಯನ್ನು ಕನ್ನಡ ಓದುಗರು ಸುಲಭವಾಗಿ ಹಿಡಿಯಬಲ್ಲರು. ‘ಕಿ’ ಬರೆಯುವಾಗ ಕಕಾರದ ತಲೆಯ ಮೇಲೆ ಗುಡಿಸು ಕೊಡುತ್ತೇವೆ. ಥಾಯ್ ಲಿಪಿಯಲ್ಲಿಯೂ ಇಕಾರದ ಚಿಹ್ನೆ ವ್ಯಂಜನದ ಮೇಲೆ, ಉಕಾರದ್ದು ಕೆಳಗೆ. ಎರಡೂ ಲಿಪಿಗಳ ಮೂಲ ಬ್ರಾಹ್ಮಿಯಲ್ಲವೇ? ಈ ಕಲ್ಲಿನಲ್ಲಿ ಮಾತ್ರ ಆ ಸ್ವರಚಿಹ್ನೆಗಳು ಮೇಲೂ ಹೋಗದೆ, ಕೆಳಗೂ ಇಳಿಯದೆ, ಇಂಗ್ಲಿಷಿನಂತೆ ವ್ಯಂಜನಗಳ ಸಾಲಿನಲ್ಲಿಯೇ ನಿಂತಿವೆ. ಸುಖೋಥೈಯ ಮುಂದಿನ ಶಾಸನಗಳಲ್ಲಿ ಈ ಕ್ರಮವಿಲ್ಲ. ಲ್ಯಾಟಿನ್ ಮತ್ತು ಇಂಗ್ಲಿಷ್ ಕಲಿತಿದ್ದ ಮೊಂಗ್‌ಕುಟನಾದರೋ ಪಾಲಿ ಭಾಷೆಗಾಗಿ ‘ಆರಿಯಕ’ ಎಂಬ ಹೊಸ ಲಿಪಿಯನ್ನೇ ರಚಿಸಿದ್ದನು. ಅದರಲ್ಲಿಯೂ ಸ್ವರಗಳು ಸಾಲಿನಲ್ಲಿಯೇ ನಿಲ್ಲುತ್ತವೆ! ಸಂದೇಹಕ್ಕೆ ಇದು ಬಲವಾದ ಆಧಾರವೆಂಬುದನ್ನು ಒಪ್ಪಲೇಬೇಕು.

ಎದುರು ಪಕ್ಷವೂ ಬರಿಗೈಯಲ್ಲಿರಲಿಲ್ಲ. ಶಾಸನದ ಕೆಲವು ಮಾತುಗಳು 1833ರ ಬ್ಯಾಂಕಾಕಿನವರಿಗೆ ಅರ್ಥವೇ ಆಗುತ್ತಿರಲಿಲ್ಲ. ಇತರ ಥಾಯ್ ವರ್ಗದ ಭಾಷೆಗಳ ನೆರವಿನಿಂದ ವಿದ್ವಾಂಸರು ಅವನ್ನು ಬಿಡಿಸಿದ್ದು ಬಹಳ ತರುವಾಯ. ತನಗೇ ತಿಳಿಯದ ಮಾತನ್ನು ಮೊಂಗ್‌ಕುಟನು ಬರೆಯಿಸಿದ್ದು ಹೇಗೆ? ವಿಜ್ಞಾನಿಗಳೂ ಕಲ್ಲನ್ನು ಪರೀಕ್ಷಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕೆತ್ತನೆಯ ಸವೆತವು ಸುಖೋಥೈ ಕಾಲದ ಇತರ ಕಲ್ಲುಗಳ ಸವೆತಕ್ಕೆ ಹೊಂದುತ್ತದೆಂದು ಅವರು ವರದಿ ಮಾಡಿದರು. ಇಂದು ಬಹುಮಂದಿ ವಿದ್ವಾಂಸರ ಒಲವು ಕಲ್ಲಿನ ಪರವಾಗಿದೆ. 2003ರಲ್ಲಿ ಯುನೆಸ್ಕೋ ಅದನ್ನು ಜಗತ್ತಿನ ಸ್ಮರಣೆಯ ಪಟ್ಟಿಗೆ ಸೇರಿಸಿತು.

ಇಂಥ ಜಗಳ ಕನ್ನಡ ನಾಡಿಗೂ ಹೊಸತಲ್ಲ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಸಾರಿದಾಗ ರೈಸ್ ಅದನ್ನು ವಿರೋಧಿಸಿದನು. ವರ್ಷಗಟ್ಟಲೆ ವಾದ ನಡೆಯಿತು. ಅಕ್ಷರ, ತಿಥಿ, ವಂಶಾವಳಿ ಎಲ್ಲವನ್ನೂ ಸೋಸಿದರು. ಗಂಗರ ಗೌರವಕ್ಕೆ ಕುಂದು ಬಂದಿತೆಂದು ಯಾರೂ ಫ್ಲೀಟನ ಮೇಲೆ ದಾವೆ ಹೂಡಲಿಲ್ಲ.

ಸಯಾಮಿನಲ್ಲಿ ಸಂಗತಿ ಅಷ್ಟು ಸಲೀಸಲ್ಲ. ಅಲ್ಲಿ ಲಿಪಿಯ ಪ್ರಶ್ನೆ ಎತ್ತಿದವನು ಅರಿತೋ ಅರಿಯದೆಯೋ ರಾಜಮನೆತನದ ಪ್ರಶ್ನೆಯನ್ನೂ ಎತ್ತಿದಂತಾಗುತ್ತದೆ. ಈಗ ಆಳುತ್ತಿರುವ ರಾಜವಂಶವು ಮೊಂಗ್‌ಕುಟನ ವಂಶವೇ. ದಂಡಸಂಹಿತೆಯ 112ನೆಯ ಕಲಮಿನ ಪ್ರಕಾರ ರಾಜನಿಂದೆಗೆ 3ರಿಂದ 15 ವರ್ಷಗಳ ಸೆರೆವಾಸವುಂಟು. ಕಲಮಿನ ಮಾತುಗಳಲ್ಲಿ ಹಿಂದಿನ ರಾಜರ ಪ್ರಸ್ತಾಪವಿಲ್ಲ. ಆದರೂ 2013ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ನಾಲ್ಕನೆಯ ರಾಮನ ಆಳ್ವಿಕೆಯ ಬಗ್ಗೆ ರೇಡಿಯೋದಲ್ಲಿ ಆಡಿದ ಮಾತಿಗಾಗಿ ಒಬ್ಬನನ್ನು ಅಪರಾಧಿಯೆಂದು ಎಣಿಸಿತು. ಆ ಮಾತಿಗೂ ಕಲ್ಲಿಗೂ ಸಂಬಂಧವಿರಲಿಲ್ಲವೆಂಬುದು ನಿಜ. ಆದರೆ 1868ರಲ್ಲಿ ತೀರಿಕೊಂಡ ಆ ರಾಜನು, ಸಂದೇಹಿಗಳು ಕಲ್ಲಿನ ಕರ್ತೃವೆಂದು ಬೆರಳು ತೋರಿದವನೇ ಅಲ್ಲವೇ?

ತೀರ್ಪಿಗೆ ಬಹು ಮೊದಲೇ, 1991ರಲ್ಲಿ, ಸಯಾಮ್ ಸೊಸೈಟಿಯು ಈ ವಾದದ ಲೇಖನಗಳನ್ನೆಲ್ಲ ಒಂದು ಸಂಪುಟವಾಗಿ ಹೊರತಂದಿತ್ತು. ಕಲ್ಲು ಖೋಟಾ ಎಂದವರೂ ಅಸಲು ಎಂದವರೂ ಅದರಲ್ಲಿ ಒಂದೇ ರಟ್ಟಿನೊಳಗಿದ್ದಾರೆ. ಕಲ್ಲು ಅಸಲೆಂದು ನಂಬುವವರಿಗೂ ಆ ಗ್ರಂಥ ಬೇಕು. ಪಿರಿಯನ ಪ್ರಶ್ನೆಗಳಿಲ್ಲದಿದ್ದರೆ ಆ ಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಡುವ ಯೋಚನೆ ಯಾರಿಗೆ ಬರುತ್ತಿತ್ತು?